ಹತ್ತು ಉಸಿರಿನ ಹೊತ್ತು

ರೊಟ್ಟಿ ಬಡಿಯುತ್ತಿದ್ದ ಸೌಂದರ್ಯ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಓಡಿದಳು. ಆ ಬೆಳಿಗ್ಗೆ ಅದು ಆರನೆಯ ಸಲ. ಹೆಂಚಿನ ಮೇಲಿದ್ದ ರೊಟ್ಟಿ ಒಂದು ಕಡೆ ಕಪ್ಪಾಗಿ ಹೊಗೆ ಬಿಡತೊಡಗಿತು. ಸುಭದ್ರಮ್ಮ ಸೊಪ್ಪು ಬಿಡಿಸುವುದನ್ನು ಅಲ್ಲಿಗೇ ಬಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ರೊಟ್ಟಿಯನ್ನು ಮಗುಚಿ ಹಾಕಿದರು. ಸೊಸೆ ಎಲ್ಲಿಗೆ ಹೋದಳೆಂದು ಇಣುಕಿ ನೋಡುವ ಅಗತ್ಯವಿರಲಿಲ್ಲ. ಅಂಗಳದ ಮೂಲೆಯಲ್ಲಿ ನೀರಿನ ಸಂಪು ಇತ್ತು. ಅದರ ಕಬ್ಬಿಣದ ಮುಚ್ಚಳ ಮುಚ್ಚಿಯೇ ಇತ್ತು, ಮುಚ್ಚಳದ ಮೇಲೆ ಹಳೇ ಒರಳುಕಲ್ಲು, ಒರಳಿನ ಮೇಲೆ ಒಂದು ಇಟ್ಟಿಗೆ. ಸೌಂದರ್ಯ ಮೂರನ್ನೂ ಮುಟ್ಟಿ ನೋಡಿ ಒಳಗೆ ಬರುತ್ತಾಳೆ, ಐದು ನಿಮಿಷಕ್ಕೆ ಮತ್ತೆ ಹೋಗುತ್ತಾಳೆ.

"ಇದು ರೊಟ್ಟಿಯೋ ಇದ್ದಿಲೋ?" ಕೊಟ್ರಬಸಪ್ಪ ತಟ್ಟೆಯಲ್ಲಿದ್ದುದನ್ನು ಎತ್ತಿ ಬೆಳಕಿಗೆ ಹಿಡಿದರು. ಸವಳಂಗ ರಸ್ತೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ಇಟ್ಟವರು, ಯಾವುದನ್ನೂ ಬೆಳಕಿಗೆ ಹಿಡಿದು ನೋಡದೆ ಒಪ್ಪುವ ಮನುಷ್ಯ ಅಲ್ಲ.

"ಪಲ್ಯದ ಜೊತೆ ತಿನ್ರಿ, ಗೊತ್ತಾಗಲ್ಲ" ಎಂದರು ಸುಭದ್ರಮ್ಮ.

"ನನಗೆ ಗೊತ್ತಾಗುತ್ತೆ. ಲೇ ಜ್ಞಾನೇಶ, ನಿನ್ನ ಹೆಂಡ್ತಿಗೆ ಹೇಳೋನು ನೀನೋ ನಾನೋ?"

ಜ್ಞಾನೇಶ್ ತಲೆ ಎತ್ತಲಿಲ್ಲ. "ಹೇಳಿದ್ರೆ ಅಳ್ತಾಳೆ. ಹೇಳ್ದಿದ್ರೆ ಸಂಪಿಗೆ ಓಡ್ತಾಳೆ. ಏನ್ ಮಾಡ್ಲಿ ಹೇಳಪ್ಪ?"

ನಾಲ್ಕು ವರ್ಷದ ಸಮತಾ ಅಜ್ಜಿಯ ಪಕ್ಕದಲ್ಲಿ ಕೂತು ರೊಟ್ಟಿಯ ಕಪ್ಪು ಭಾಗವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಅವಳ ಸೊಂಟಕ್ಕೆ ಹಳೇ ಸೀರೆಯ ತುಂಡೊಂದನ್ನು ಕಟ್ಟಿತ್ತು, ಅದರ ಇನ್ನೊಂದು ತುದಿ ಕಿಟಕಿಯ ಸರಳಿಗೆ. ತಲೆಗೆ ನೀರು ಬಿದ್ದು ತಿಂಗಳಾಗಿತ್ತು. ಸೌಂದರ್ಯ ಒದ್ದೆ ಬಟ್ಟೆಯಲ್ಲಿ ಮಗಳ ಮೈ ಒರೆಸುತ್ತಿದ್ದಳೇ ಹೊರತು ಒಂದು ಚೊಂಬು ನೀರು ಹುಯ್ಯುತ್ತಿರಲಿಲ್ಲ.

"ಜೂನ್‌ಗೆ ಸ್ಕೂಲ್ ಶುರುವಾಗುತ್ತೆ" ಎಂದರು ಕೊಟ್ರಬಸಪ್ಪ, ಸೊಸೆ ಒಳಗೆ ಬಂದು ಕೇಳಿಸಿಕೊಳ್ಳುವ ಹಾಗೆಯೇ. "ಅಷ್ಟರಲ್ಲಿ ಸರಿ ಹೋದ್ರೆ ಸರಿ. ಇಲ್ಲಾಂದ್ರೆ ಇವಳು ಭದ್ರಾವತೀಲಿ ತೌರುಮನೇಲಿ ಇರ್ಲಿ, ಮಗು ಇಲ್ಲಿರ್ಲಿ. ಕರುನ ಕಟ್ಟಿದ ಹಾಗೆ ಮಗೂನ ಕಟ್ಟಿಹಾಕೋ ಮನೆ ಅಲ್ಲ ಇದು."

ಸೌಂದರ್ಯ ಕೂತು ಮುಂದಿನ ರೊಟ್ಟಿಗೆ ಹಿಟ್ಟು ನಾದಿದಳು. ಜ್ಞಾನೇಶ್ ಬೇಡ ಎನ್ನುತ್ತಾನೇನೋ ಎಂದು ಸುಭದ್ರಮ್ಮ ಮಗನ ಮುಖ ನೋಡಿದರು. ಅವನು ಪಲ್ಯ ಹಾಕಿಸಿಕೊಂಡ.

ಮಗು ಹೋಗಿಬಿಟ್ಟಿದ್ದರೆ ಹೊಸಮನೆ ಬಡಾವಣೆಯ ಜನಕ್ಕೆ ಅರ್ಥವಾಗುತ್ತಿತ್ತೋ ಏನೋ. ಮಗು ಗುಂಡುಕಲ್ಲಿನ ಹಾಗಿತ್ತು, ಅದೇ ತೊಂದರೆ. ಹೋದ ವರ್ಷ ದೀಪಾವಳಿಗೆ ನಾಲ್ಕು ದಿನ ಮುಂಚೆ ಸಮತಾ ಸಂಪಿಗೆ ಬಿದ್ದಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸೌಂದರ್ಯ ಓಡಿ ಬಂದು, ನೆಲಕ್ಕೆ ಬೋರಲು ಬಿದ್ದು, ಕೈ ಇಳಿಬಿಟ್ಟು, ಫ್ರಾಕು ಹಿಡಿದು ಎಳೆದುಕೊಂಡಿದ್ದಳು. ಮೂರು ದಿನ ಆಸ್ಪತ್ರೆ. ನಾಲ್ಕನೆಯ ದಿನ ಮಗು ಮನೆಗೆ ಬಂದು ಸಿಹಿ ಕೇಳಿ ತಿಂದಿತು. ಬಿದ್ದ ಮಗು ಎಲ್ಲವನ್ನೂ ಮರೆತು ಆಡುತ್ತಿದ್ದರೆ, ಎತ್ತಿದ ತಾಯಿ ಮಾತ್ರ ಈ ಫೆಬ್ರವರಿಯವರೆಗೂ ಸಂಪಿನ ಬಾಯಲ್ಲೇ ನಿಂತುಬಿಟ್ಟಿದ್ದಳು. ಇದೆಂಥ ಕಾಯಿಲೆ ಎಂದು ಯಾರಿಗೂ ತಿಳಿಯಲಿಲ್ಲ.

"ಮುಚ್ಚಳ ತೆಗೆದಿಟ್ಟಿದ್ದು ಯಾರು?" ಎಂದು ಅವತ್ತು ಕೊಟ್ರಬಸಪ್ಪ ಆಸ್ಪತ್ರೆಯ ವರಾಂಡದಲ್ಲೇ ಕೂಗಾಡಿದ್ದರು. ಸೌಂದರ್ಯ ಒದ್ದೆ ಸೀರೆಯಲ್ಲಿ ನಡುಗುತ್ತಾ, "ನಾನೇ ಇರ್ಬೇಕು ಮಾವ. ನೀರು ಬಂತಾ ಅಂತ ನೋಡೋಕೆ ಆರು ಗಂಟೆಗೆ ತೆಗ್ದಿದ್ದೆ. ಮುಚ್ಚಿದ್ನೋ ಇಲ್ವೋ" ಎಂದಿದ್ದಳು. ಅಷ್ಟು ಸಾಕಾಯಿತು. ಅವತ್ತಿನಿಂದ ಮುಚ್ಚಳ ಬಿಟ್ಟವಳು ಸೌಂದರ್ಯ ಎಂದೇ ಮನೆಯಲ್ಲಿ ಮಾತು.

ಸೌಂದರ್ಯ ಮುಚ್ಚಿದ್ದಳು. ಅದು ಸುಭದ್ರಮ್ಮನಿಗೆ ಗೊತ್ತಿತ್ತು, ಯಾಕೆಂದರೆ ಅದನ್ನು ತೆಗೆದವರು ಅವರೇ.

ಲಿಂಗಪೂಜೆಗೆ ಸುಭದ್ರಮ್ಮ ಟ್ಯಾಂಕಿನ ನೀರು ಮುಟ್ಟುವವರಲ್ಲ. ಅಗ್ಗಣಿಗೆ, ಅಂದರೆ ಪೂಜೆಯ ನೀರಿಗೆ, ಸಂಪಿನ ನೀರನ್ನೇ ಹಗ್ಗ ಕಟ್ಟಿದ ತಂಬಿಗೆಯಲ್ಲಿ ಸೇದಿಕೊಳ್ಳಬೇಕು. ಅತ್ತೆಯ ಕಾಲದಲ್ಲಿ ಬಾವಿ ಇತ್ತು, ಬಾವಿ ಹೋಗಿ ಸಂಪು ಬಂದರೂ ಪದ್ಧತಿ ಬಿಡಲಿಲ್ಲ. ದಿನಾ ಐದೂವರೆಗೇ ಈ ಕೆಲಸ ಮುಗಿಯುತ್ತಿತ್ತು. ಅವತ್ತು ಹಬ್ಬದ ಧೂಳು ಹೊಡೆದ ದಣಿವಿಗೆ ಎಚ್ಚರ ತಡವಾಗಿ ಏಳು ಗಂಟೆಗೆ ಸೇದಿದರು. ಹೊತ್ತಾಯಿತೆಂದು ಮುಚ್ಚಳ ಎಳೆಯದೆ ಒಳಗೆ ಹೋಗಿ, ವಿಭೂತಿ ಧರಿಸಿ, ಎಡಗೈ ಮೇಲೆ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂತರು. ಪೂಜೆ ಮುಗಿಯುವವರೆಗೆ ಮಾತಿಲ್ಲ, ಏಳುವುದಿಲ್ಲ, ಕಣ್ಣು ಕದಲಿಸುವುದಿಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ, ಮೂವತ್ತೆಂಟು ವರ್ಷದ ನೇಮ ಅದು. ಆಗ ಅಂಗಳದಲ್ಲಿ ದೊಪ್ಪೆಂದು ಸದ್ದಾಯಿತು. ಬಕೆಟ್ಟು ಬಿದ್ದಿರಬೇಕು ಅಂದುಕೊಂಡರು. ಬಕೆಟ್ಟು ಹಾಗೆ ಬೀಳುವುದಿಲ್ಲ ಎಂದೂ ಒಳಗೆ ಎಲ್ಲೋ ಅನ್ನಿಸಿತು. ಏಳಲಿಲ್ಲ. ಸೊಸೆ ಕಿರುಚಿದ ಮೇಲೆ ಎದ್ದರು.

ಮೊದಲನೆಯ ದಿನ ಹೇಳೋಣ ಅಂದರೆ ಮಗು ಆಸ್ಪತ್ರೆಯಲ್ಲಿತ್ತು. ಮನೆಗೆ ಬಂದ ಮೇಲೆ ಹೇಳೋಣ ಅಂದರೆ ಹಬ್ಬವಿತ್ತು. ಹಬ್ಬ ಕಳೆದ ಮೇಲೆ ಹೇಳಲು ನಾಲಿಗೆ ಏಳಲಿಲ್ಲ. ಈಗ ಅವರು ಅಗ್ಗಣಿಯನ್ನು ನಲ್ಲಿಯಿಂದಲೇ ಹಿಡಿಯುತ್ತಿದ್ದರು, ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಡಾಕ್ಟರ ವಿಷಯ ತಂದವರು ಸೌಂದರ್ಯಳ ತಾಯಿ ಮಹಾಂತಮ್ಮ. ಅವರ ಮನೆ ಭದ್ರಾವತಿಯಲ್ಲಿ, ಗಂಡ ಮೂರ್ತಪ್ಪ ಫ್ಯಾಕ್ಟರಿಯಿಂದ ರಿಟೈರಾದವರು. ಹಳೇನಗರದ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿ ಯಶೋಧರಾ ಎಂಬ ಮನಸ್ಸಿನ ಡಾಕ್ಟರು ಶನಿವಾರ ಬರುತ್ತಾರಂತೆ ಎಂದು ಫೋನಿನಲ್ಲಿ ಹೇಳಿದರು.

"ಹುಚ್ಚಿನ ಡಾಕ್ಟ್ರಾ?" ಕೊಟ್ರಬಸಪ್ಪ ಹೌಹಾರಿದರು. "ಜನ ಏನಂತಾರೆ?"

"ಭದ್ರಾವತೀಲಿ ಅಲ್ವಾ? ತೌರುಮನೆಗೆ ಹೋಗಿದಾಳೆ ಅನ್ನೋಣ ಅಪ್ಪ" ಎಂದ ಜ್ಞಾನೇಶ್.

"ಒಬ್ಬಳನ್ನೇ ಕಳಿಸೋದು ಬೇಡ. ನಿಮ್ಮಮ್ಮ ಹೋಗಲಿ."

ಹೀಗೆ ಸುಭದ್ರಮ್ಮ ಸೊಸೆಯ ಜೊತೆ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಎಂಟೂವರೆಯ ಬಸ್ಸು ಹತ್ತಿದರು. ಸಮತಾಳನ್ನು ಬೀಗರ ಮನೆಯಲ್ಲಿ ಬಿಡಲು ಸೌಂದರ್ಯ ಅರ್ಧ ಗಂಟೆ ತೆಗೆದುಕೊಂಡಳು. ಬಚ್ಚಲಿನ ಬಕೆಟ್ಟು ಬೋರಲು ಹಾಕಿಸಿ, ತೊಟ್ಟಿ ಖಾಲಿ ಮಾಡಿಸಿ, ನಲ್ಲಿಗೆ ಬಟ್ಟೆ ಸುತ್ತಿ ಬಂದಳು.

ಯಶೋಧರಾ ನಲವತ್ತರ ಹೆಂಗಸು, ಹತ್ತಿ ಸೀರೆ, ಗಟ್ಟಿ ದನಿ. ಮೊದಲ ಎರಡು ಶನಿವಾರ ಬರೀ ಮಾತಾಡಿಸಿದರು. ಎರಡನೆಯ ಸಲ ಅತ್ತೆಯನ್ನೂ ಒಳಗೆ ಕರೆದು ವಿಷಯ ತಿಳಿಸಿದರು.

"ಇದಕ್ಕೆ ಇ.ಎಂ.ಡಿ.ಆರ್. ಅಂತಾರೆ ಅಮ್ಮ. ಗುಜರಾತಿನಲ್ಲಿ ಭೂಕಂಪ ಆದಾಗ ಅಲ್ಲಿ ಕೆಲಸ ಮಾಡಿದವರ ಹತ್ರ ನಾನು ಕಲಿತೆ. ಕೆಲವು ನೆನಪು ಅರಗಲ್ಲ, ತಿಂದ ಅನ್ನ ಹೊಟ್ಟೇಲಿ ಹಾಗೇ ಕೂತ ಹಾಗೆ. ಅವತ್ತು ಆಗಿದ್ದು ಈಗಲೇ ಆಗ್ತಿದೆ ಅನ್ನಿಸ್ತಾನೇ ಇರುತ್ತೆ. ಅದನ್ನ ನೆನೆಸ್ಕೊಳ್ತಾ ನನ್ನ ಬೆರಳಿನ ಹಿಂದೆ ಕಣ್ಣು ಆ ಕಡೆ ಈ ಕಡೆ ಓಡಿಸ್ಬೇಕು. ನಿಧಾನಕ್ಕೆ ಅರಗುತ್ತೆ. ಮರೆಯಲ್ಲ, ಹಳೇದಾಗುತ್ತೆ."

"ಕಣ್ಣು ಓಡಿಸಿದ್ರೆ ಹೆಂಗೆ ಅರಗುತ್ತೆ?"

"ಅದು ಹೆಂಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ ಅಮ್ಮ. ಅರಗೋದನ್ನ ಮಾತ್ರ ನೋಡಿದೀನಿ."

ಹೀಗೆ ನಿಜ ಹೇಳುವ ಡಾಕ್ಟರನ್ನು ಸುಭದ್ರಮ್ಮ ಈ ಮೊದಲು ನೋಡಿರಲಿಲ್ಲ, ಅದರಿಂದಲೇ ಅವರಿಗೆ ನಂಬಿಕೆ ಹುಟ್ಟಲಿಲ್ಲ. ಮನಸ್ಸು ನಿಲ್ಲಬೇಕಾದರೆ ಕಣ್ಣು ನಿಲ್ಲಬೇಕು ಎಂದು ಏಳು ವರ್ಷದವಳಿದ್ದಾಗ ದೀಕ್ಷೆ ಕೊಟ್ಟ ಅಯ್ಯನವರು ಹೇಳಿದ್ದರು. ಈಯಮ್ಮ ಕಣ್ಣು ಓಡಿಸು ಅನ್ನುತ್ತಾಳೆ. ಯಾವುದು ಸರಿ? ತಮ್ಮ ಕಣ್ಣಾದರೂ ಈಗ ಲಿಂಗದ ಮೇಲೆ ಎಲ್ಲಿ ನಿಲ್ಲುತ್ತದೆ? ಕೂತ ಎರಡು ನಿಮಿಷಕ್ಕೆ ಆ ಸದ್ದು ಕೇಳಿಸಿ ಕಣ್ಣು ಬಾಗಿಲ ಕಡೆ ಹರಿಯುತ್ತಿತ್ತು.

ಮನೆಗೆ ಬಂದು ಗಂಡನ ಮುಂದೆ, "ನಮ್ಮ ಪದ್ಧತಿಗೆ ಒಗ್ಗಲ್ಲ ರೀ ಇದು. ಬಿಡಿಸಿಬಿಡೋಣ" ಎಂದರು. ಅಂದದ್ದು ಪದ್ಧತಿಯ ಹೆಸರಲ್ಲಿ, ಒಳಗಿದ್ದದ್ದು ಹೆದರಿಕೆ. ಆ ಬೆರಳು ಅಲ್ಲಾಡಿಸುತ್ತಾ ಅಲ್ಲಾಡಿಸುತ್ತಾ ಸೌಂದರ್ಯಳ ತಲೆಯಿಂದ ಅವತ್ತಿನ ಬೆಳಿಗ್ಗೆ ಪೂರ್ತಿ ಹೊರಗೆ ಬಂದರೆ? ಮುಚ್ಚಳ ಮುಚ್ಚಿದ್ದು ನೆನಪಾದರೆ? ಆಮೇಲೆ ತೆಗೆದವರು ಯಾರು ಎಂದು ಲೆಕ್ಕ ಹಾಕಲು ಈ ಮನೆಯಲ್ಲಿ ಎಷ್ಟು ಜನ ಇದ್ದಾರೆ?

ಕೊಟ್ರಬಸಪ್ಪ ನಕ್ಕರು. "ಇ.ಎಂ.ಡಿ.ಆರ್.? ಯಾವುದೋ ಸಬ್‌ಮರ್ಸಿಬಲ್ ಮೋಟಾರಿನ ಹೆಸರಿದ್ದ ಹಾಗಿದೆಯಲ್ಲೇ! ಬೆರಳು ಅಲ್ಲಾಡಿಸೋಕೆ ಭದ್ರಾವತಿಗೆ ಯಾಕೆ ಹೋಗ್ಬೇಕು? ನಮ್ಮ ಕೈಗೆ ಬೆರಳಿಲ್ವಾ?"

ತಮಾಷೆಗೆ ಅಂದ ಮಾತನ್ನು ಜ್ಞಾನೇಶ್ ಮನಸ್ಸಿಗೆ ಹಚ್ಚಿಕೊಂಡ. ಮಂಗಳವಾರ ನೀರು ಬಿಡುವ ದಿನ. ಸಂಪಿಗೆ ನೀರು ಸುರಿಯುವ ಸದ್ದು ಶುರುವಾಗಿದ್ದೇ ಸೌಂದರ್ಯ ಮಗಳನ್ನು ಎದೆಗೆ ಅವುಚಿಕೊಂಡು ಗೋಡೆ ಮೂಲೆಗೆ ಸರಿದಳು. ಜ್ಞಾನೇಶ್ ಜೇಬಿನಿಂದ ಕರೆಂಟು ನೋಡುವ ಟೆಸ್ಟರ್ ತೆಗೆದು ಅವಳ ಕಣ್ಣಿನ ಮುಂದೆ ಹಿಡಿದ.

"ಇದನ್ನೇ ನೋಡು. ಆ ಕಡೆ, ಈ ಕಡೆ. ಅವತ್ತಿಂದು ನೆನೆಸ್ಕೊ. ಫುಲ್ ನೆನೆಸ್ಕೊ."

"ರೀ, ಬೇಡ..."

"ನೆನೆಸ್ಕೊಳೇ! ಡಾಕ್ಟ್ರು ಹೇಳಿದ್ರೆ ಮಾಡ್ತೀಯ, ನಾನು ಹೇಳಿದ್ರೆ ಇಲ್ವಾ?"

ಐದಾರು ಸಲ ಟೆಸ್ಟರ್ ಆಡಿತೋ ಇಲ್ಲವೋ, ಸೌಂದರ್ಯಳ ಮುಖ ಬಿಳಿಚಿತು. ಎದ್ದವಳೇ ಮಗುವಿನೊಂದಿಗೆ ಮಲಗುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಒಳಗೆ ವಾಂತಿ ಮಾಡಿದ ಸದ್ದು, ಮಗುವಿನ ಅಳು. ಮಧ್ಯಾಹ್ನ ಒಂದು ಗಂಟೆಯವರೆಗೆ ಬಾಗಿಲು ತೆಗೆಯಲಿಲ್ಲ. ಅಡಿಗೆ ಆಗಲಿಲ್ಲ, ಸುಭದ್ರಮ್ಮ ಅವಲಕ್ಕಿ ನೆನೆಸಿ ಗಂಡಸರಿಗೆ ಕೊಟ್ಟರು.

"ಆಯ್ತು, ಇನ್ನು ಜೂನ್‌ವರೆಗೂ ಕಾಯೋದು ಬೇಡ" ಎಂದರು ಕೊಟ್ರಬಸಪ್ಪ, ಅವಲಕ್ಕಿಯನ್ನು ದೂರ ತಳ್ಳಿ. "ಬೀಗರಿಗೆ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ಲಿ. ಮಗು ಇಲ್ಲೇ ಇರುತ್ತೆ."

ಮುಚ್ಚಿದ ಬಾಗಿಲಿನ ಆಚೆ ಸಮತಾ, "ಅಮ್ಮಾ, ಅಜ್ಜಿ ಹತ್ರ ಹೋಗೋಣ ಬಾ, ಅಳ್ಬೇಡ" ಎನ್ನುತ್ತಿದ್ದಳು. ಸುಭದ್ರಮ್ಮ ಬಾಗಿಲಿಗೆ ಕಿವಿಗೊಟ್ಟು ನಿಂತರು. ಸತ್ಯ ಹೊರಗೆ ಬಂದರೆ ತಮ್ಮ ಮರ್ಯಾದೆ ಹೋಗುತ್ತದೆ. ಬರದಿದ್ದರೆ ಈ ಮಗುವಿನ ತಾಯಿ ಹೋಗುತ್ತಾಳೆ. ಇಷ್ಟು ನಿಚ್ಚಳವಾಗಿದ್ದರೂ ಬಾಯಿಂದ ಬಂದದ್ದು ಅರ್ಧ ಮಾತು ಮಾತ್ರ.

"ಯಾರಿಗೂ ಫೋನ್ ಮಾಡೋದು ಬೇಡ. ಶನಿವಾರ ನಾನು ಅವಳನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ."

"ನೀನೇ ಬಿಡಿಸೋಣ ಅಂದಿದ್ಯಲ್ಲೇ?"

"ಅಂದಿದ್ದೆ. ಈಗ ಅನ್ನಲ್ಲ. ಅವಲಕ್ಕಿ ತಿನ್ರಿ."

ಶನಿವಾರ ಟೆಸ್ಟರಿನ ಕಥೆ ಕೇಳಿ ಯಶೋಧರಾ ಸಿಟ್ಟಾದರು. "ಇದು ಮನೆಮದ್ದಲ್ಲ ಅಮ್ಮ. ತೋಡಿದ್ದನ್ನ ಮುಚ್ಚೋಕೆ ಬರ್ದಿದ್ರೆ ತೋಡಬಾರದು. ನಿಮ್ಮ ಮಗನಿಗೆ ಹೇಳಿ." ಸುಭದ್ರಮ್ಮನನ್ನು ಪರದೆಯಾಚೆಯ ಬೆಂಚಿನ ಮೇಲೆ ಕೂರಿಸಿ ಸೌಂದರ್ಯಳನ್ನು ಒಳಗೆ ಕರೆದರು. ಸೌಂದರ್ಯ, "ಅತ್ತೆ, ಎದ್ದು ಹೋಗ್ಬೇಡಿ. ಇಲ್ಲೇ ಇದೀರ ಅಂತ ಗೊತ್ತಿರ್ಲಿ" ಎಂದಳು. ಆ ಮಾತು ಸುಭದ್ರಮ್ಮನಿಗೆ ಚುರುಕ್ ಎಂದಿತು.

ಪರದೆ ತೆಳ್ಳಗಿತ್ತು, ಎಲ್ಲವೂ ಕೇಳುತ್ತಿತ್ತು.

"ಎಲ್ಲಕ್ಕಿಂತ ಕೆಟ್ಟ ಚಿತ್ರ ಯಾವುದು?"

"ಫ್ರಾಕು. ಕೆಂಪು ಫ್ರಾಕು ನೀರಿನ ಮೇಲೆ ಉಬ್ಬಿಕೊಂಡು... ಮುಖ ಕಾಣಲ್ಲ."

"ಅದನ್ನ ನೋಡಿದಾಗ ನಿಮ್ಮ ಬಗ್ಗೆ ಏನನ್ನಿಸುತ್ತೆ?"

"ನನ್ನ ಕೈಗೆ ಏನೂ ಕೊಡಬಾರದು ಅಂತ."

"ಹತ್ತಕ್ಕೆ ಎಷ್ಟು ಕಷ್ಟ ಆಗ್ತಿದೆ ಈಗ?"

"ಹತ್ತು."

"ಮೈಯಲ್ಲಿ ಎಲ್ಲಿ?"

"ಕೈಯಲ್ಲಿ. ಮೊಣಕೈಯಿಂದ ಕೆಳಗೆ."

"ಸರಿ. ಅದನ್ನ ಇಟ್ಕೊಂಡೇ ನನ್ನ ಬೆರಳು ನೋಡಿ. ಸಾಕು ಅನ್ನಿಸಿದ್ರೆ ಕೈ ಎತ್ತಿ, ನಿಲ್ಲಿಸ್ತೀನಿ."

ಆಮೇಲೆ ಮಾತಿಲ್ಲ. ಕೆಳಗೆ ರಸ್ತೆಯಲ್ಲಿ ಆಟೋದವರು ತಮಿಳಿನಲ್ಲಿ ಜಗಳವಾಡುತ್ತಿದ್ದರು. ಅರ್ಧ ನಿಮಿಷಕ್ಕೊಮ್ಮೆ ಡಾಕ್ಟರು, "ಉಸಿರು ಬಿಡಿ. ಏನು ಬಂತು?" ಎನ್ನುವುದು, ಸೌಂದರ್ಯ ಒಂದೆರಡು ಮಾತು ಹೇಳುವುದು, "ಅದರ ಜೊತೆ ಹೋಗಿ" ಎಂದು ಮತ್ತೆ ಮೌನ. ಬುದ್ಧಿ ಹೇಳುವುದಿಲ್ಲ, ಸಮಾಧಾನ ಮಾಡುವುದಿಲ್ಲ. ಒಂದು ಸಲ ಸೌಂದರ್ಯ ಜೋರಾಗಿ ಅತ್ತಳು. ಸುಭದ್ರಮ್ಮ ಅರ್ಧ ಎದ್ದು ಮತ್ತೆ ಕೂತರು. ಹೊರಗೆ ಬಂದಾಗ ಸೊಸೆ ಜ್ವರ ಬಿಟ್ಟವಳ ಹಾಗಿದ್ದಳು. ಬಸ್ಸಿನಲ್ಲಿ ಮಗಳ ಕೈ ಹಿಡಿಯುವುದನ್ನೂ ಮರೆತು ಅತ್ತೆಯ ಹೆಗಲ ಮೇಲೆ ಗೊರಕೆ ಹೊಡೆದಳು.

ಎರಡು ವಾರ ಹೀಗೇ ನಡೆಯಿತು. ಒಂದು ದಿನ ಸಂಪಿಗೆ ಮೂರೇ ಸಲ ಹೋದಳು, ಇನ್ನೊಂದು ದಿನ ಹನ್ನೊಂದು ಸಲ. ಸುಭದ್ರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಗುಣವಾಗುತ್ತಿದೆ ಎಂದು ಗಂಡನಿಗೆ ಹೇಳಿದ ಸಂಜೆಯೇ ಅವಳು ಅನ್ನದ ಪಾತ್ರೆ ಬೀಳಿಸಿ ಅಳುತ್ತಾ ಕೂತಿರುತ್ತಿದ್ದಳು. ಡಾಕ್ಟರನ್ನು ಕೇಳಿದರೆ, ನಡುವೆ ಹೀಗೆ ಏರಿಳಿತ ಇರುತ್ತದೆ ಅಮ್ಮ, ಬಿಡಬೇಡಿ ಅಂದರು.

ಏಪ್ರಿಲಿನ ಒಂದು ಶನಿವಾರ ಪರದೆಯಾಚೆ ಸೌಂದರ್ಯ ಇದ್ದಕ್ಕಿದ್ದ ಹಾಗೆ, "ಹಾಲು" ಎಂದಳು.

"ಯಾವ ಹಾಲು?"

"ಚಿಕ್ಕವಳಿದ್ದಾಗ. ಡೈರಿಯಿಂದ ಹಾಲು ತರ್ತಾ ಕ್ಯಾನು ಬೀಳಿಸಿದ್ದೆ. ಕ್ವಾರ್ಟರ್ಸ್ ಮೆಟ್ಟಿಲ ಮೇಲೆ. ನಮ್ಮಪ್ಪ ಎಲ್ಲರ ಮುಂದೆ, ನಿನ್ನ ಕೈಗೆ ಕೊಟ್ಟಿದ್ದು ಯಾವುದೂ ಉಳಿಯಲ್ಲ ಅಂದಿದ್ರು. ಇದ್ಯಾಕೆ ಬಂತೋ ಡಾಕ್ಟ್ರೆ, ಇದಕ್ಕೂ ಅದಕ್ಕೂ ಏನು ಸಂಬಂಧ?"

"ಗೊತ್ತಿಲ್ಲ. ಅದರ ಜೊತೆ ಹೋಗಿ."

ಹಾಲಿಗೂ ಸಂಪಿಗೂ ಏನು ಸಂಬಂಧ ಎಂದು ಸುಭದ್ರಮ್ಮನೂ ಬೆಂಚಿನ ಮೇಲೆ ತಲೆ ಕೆರೆದುಕೊಂಡರು. ಮೌನ, ಮತ್ತೆ ಮೌನ. ಮೂರನೆಯ ಸಲಕ್ಕೆ ಸೌಂದರ್ಯಳ ದನಿ ಬೇರೆಯಾಗಿತ್ತು.

"ಡಾಕ್ಟ್ರೆ, ಈಗ ಫ್ರಾಕು ಕಾಣ್ತಿಲ್ಲ. ಕೈ ಕಾಣ್ತಿದೆ. ನನ್ನ ಕೈ. ಹಿಡ್ಕೊಂಡಿದೆ."

"ಅದರ ಜೊತೆ ಹೋಗಿ."

"ಎಳೀತು. ಈ ಕೈಯೇ ಅಲ್ವಾ ಅವಳನ್ನ ಎಳ್ಕೊಂಡಿದ್ದು? ನಾನದನ್ನ ಯೋಚನೇನೇ ಮಾಡಿರ್ಲಿಲ್ಲ." ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು.

"ಹತ್ತಕ್ಕೆ ಎಷ್ಟು ಈಗ?"

"ಎರಡು. ಒಂದೂವರೆ."

"ಮುಚ್ಚಳ?"

ಸುಭದ್ರಮ್ಮ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಂತು, ಈಗ ಬಂತು ಅಂದುಕೊಂಡರು.

"ಮುಚ್ಚಿದ್ನೋ ಇಲ್ವೋ ಈಗ್ಲೂ ಗೊತ್ತಿಲ್ಲ" ಎಂದಳು ಸೌಂದರ್ಯ. "ಗೊತ್ತಾಗ್ದಿದ್ರೂ ಪರ್ವಾಗಿಲ್ಲ ಅನ್ನಿಸ್ತಿದೆ."

ತಪ್ಪಿಸಿಕೊಂಡೆ ಎಂದು ನಿಟ್ಟುಸಿರು ಬಿಡಬೇಕಾಗಿತ್ತು, ಬರಲಿಲ್ಲ. ಸೊಸೆ ತನ್ನ ಭಾರ ಇಳಿಸಿ ಎದ್ದುಹೋಗುತ್ತಿದ್ದಾಳೆ, ತಾವು ಮಾತ್ರ ಅಲ್ಲೇ ಕೂತಿದ್ದೇವೆ ಅನ್ನಿಸಿತು. ಯಾಕೆ ಹೀಗನ್ನಿಸುತ್ತಿದೆ ಎಂದು ಅವರಿಗೆ ತಿಳಿಯಲಿಲ್ಲ. ಹೊರಗೆ ಬಂದ ಯಶೋಧರಾ ಅವರ ಮುಖ ನೋಡಿ, "ಅವತ್ತು ನೀವೂ ಮನೇಲಿದ್ರಿ ಅಲ್ವಾ? ನಿಮಗೆ ನಿದ್ದೆಗಿದ್ದೆ ಸರಿಯಾಗಿದ್ಯಾ?" ಎಂದರು.

"ನನಗೇನು ದಾಡಿ? ಚೆನ್ನಾಗಿದೀನಿ" ಎಂದು ಸುಭದ್ರಮ್ಮ ಸರಸರನೆ ಮೆಟ್ಟಿಲಿಳಿದರು.

ಮೇ ತಿಂಗಳಲ್ಲಿ ಒರಳುಕಲ್ಲು ಸಂಪಿನ ಮೇಲಿಂದ ಹಿತ್ತಲಿಗೆ ಹೋಯಿತು. ಕಿಟಕಿಯ ಸೀರೆ ತುಂಡು ನೆಲ ಒರೆಸುವ ಬಟ್ಟೆಯಾಯಿತು. ಒಂದು ಭಾನುವಾರ ಸೌಂದರ್ಯ ಮಗಳಿಗೆ ಸೀಗೆಪುಡಿ ಹಚ್ಚಿ, ತಲೆ ಮೇಲೆ ಚೊಂಬಿನಿಂದ ನೀರು ಹುಯ್ದಳು. ಮಗು ಕಿರುಚಿದ್ದು ಕಣ್ಣುರಿಗೆ. ಸೌಂದರ್ಯಳ ಕೈ ಒಂದು ಗಳಿಗೆ ನಿಂತಿತು, ಆಮೇಲೆ ಮುಂದಿನ ಚೊಂಬು ಹುಯ್ದಿತು. ರೊಟ್ಟಿ ಬೆಳ್ಳಗೆ ಉಬ್ಬತೊಡಗಿತು, ಕೊಟ್ರಬಸಪ್ಪ ಬೆಳಕಿಗೆ ಹಿಡಿಯುವುದನ್ನು ಬಿಟ್ಟರು. ಜೂನ್ ಒಂದಕ್ಕೆ ಸಮತಾ ಯೂನಿಫಾರಂ ಹಾಕಿಕೊಂಡು ಹೋದಾಗ ಸೌಂದರ್ಯ ಗೇಟಿನವರೆಗೆ ಹೋಗಿ ಕೈ ಬೀಸಿ, ಬಂದು ಪಾತ್ರೆ ತೊಳೆದಳು.

ಮುಂದಿನ ಭಾನುವಾರ ಬೀಗರನ್ನು ಊಟಕ್ಕೆ ಕರೆದರು. ಹೋಳಿಗೆ, ಹೋಳಿಗೆ ಸಾರು, ಹಪ್ಪಳ. ಕೊಟ್ರಬಸಪ್ಪ ತುಪ್ಪ ಹಾಕಿಸಿಕೊಳ್ಳುತ್ತಾ ಹಿಗ್ಗಿದ್ದರು.

"ನೋಡಿ ಬೀಗ್ರೆ, ತಪ್ಪು ಅವಳದೇ ಆಗಿದ್ರೂ ನಾವು ಕೈಬಿಡ್ಲಿಲ್ಲ. ಬೇರೆ ಮನೆ ಆಗಿದ್ರೆ ಅವತ್ತೇ ಕಳಿಸಿಬಿಡ್ತಿದ್ರು. ಮುಚ್ಚಳ ತೆಗೆದಿಟ್ಟು ಮಗೂನ ನೀರಿಗೆ ಬಿಡೋದು ಅಂದ್ರೇನು ಕಮ್ಮಿ ಮಾತಾ? ಆದ್ರೂ ಒಂದು ದಿನ ನಾವು ಅಂದು ಆಡಿಲ್ಲ."

ಮೂರ್ತಪ್ಪ ಎಡೆಯ ಮುಂದೆಯೇ ಕೈ ಮುಗಿದರು. "ನಿಮ್ಮ ದೊಡ್ಡತನ. ಇವಳ ಕೈಯೇ ಹಾಗೆ, ಚಿಕ್ಕಂದಿನಿಂದ್ಲೂ."

ಬಡಿಸುತ್ತಿದ್ದ ಸೌಂದರ್ಯ ತನ್ನ ಕೈ ನೋಡಿಕೊಂಡಳು. ಅದನ್ನು ಸುಭದ್ರಮ್ಮ ಕಂಡರು. ಇನ್ನು ತಡೆದುಕೊಳ್ಳಲು ಅವರಿಂದ ಆಗಲಿಲ್ಲ.

"ಮುಚ್ಚಳ ತೆಗೆದಿದ್ದು ನಾನು."

ಎಲ್ಲರೂ ಅವರ ಕಡೆ ತಿರುಗಿದರು.

"ಅವಳು ಮುಚ್ಚಿದ್ಲು. ಏಳು ಗಂಟೆಗೆ ಅಗ್ಗಣಿಗೆ ಅಂತ ತೆಗೆದೋಳು ನಾನು. ಮುಚ್ಚದೆ ಹೋದೆ."

ಮಹಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅಕ್ಕಾ, ಸೊಸೆ ತಪ್ಪು ಮೈಮೇಲೆ ಹಾಕ್ಕೊಳ್ಳೋ ಅತ್ತೆ ಎಲ್ಲಿ ಸಿಗ್ತಾರೆ? ಪುಣ್ಯ ಮಾಡಿದ್ಲು ನನ್ನ ಮಗಳು."

"ಬಿಡಮ್ಮ" ಎಂದ ಜ್ಞಾನೇಶ್, ಅವನ ದನಿಯೂ ಒದ್ದೆಯಾಗಿತ್ತು. "ನೀನು ಅಷ್ಟೊತ್ತಿಗೆ ಪೂಜೇಲಿದ್ದೆ. ಐದೂವರೆಗೇ ನಿನ್ನ ನೀರಿನ ಕೆಲಸ ಆಗಿರುತ್ತೆ, ನಮಗೆ ಗೊತ್ತಿಲ್ವಾ?"

"ಅವತ್ತು ತಡ ಆಯ್ತು ಕಣೋ! ಯಾಕೋ ನಂಬಲ್ಲ?"

ಕೊಟ್ರಬಸಪ್ಪ ಹೆಮ್ಮೆಯಿಂದ ತಲೆ ಆಡಿಸಿದರು. "ಇವಳ ಗುಣ ಇದೇ ಬೀಗ್ರೆ. ಹೋಳಿಗೆ ಹಾಕಿಸ್ಕೊಳ್ಳಿ, ಆರಿ ಹೋಗುತ್ತೆ."

ನಿಜವನ್ನು ಎಂಟು ತಿಂಗಳು ಬಚ್ಚಿಟ್ಟವರಿಗೆ ಅದನ್ನು ಹೊರಗೆ ಹಾಕಿದ ಮೇಲೂ ಯಾರೂ ಎತ್ತಿಕೊಳ್ಳದಿದ್ದರೆ ಏನು ಮಾಡಬೇಕೋ ಗೊತ್ತಿರುವುದಿಲ್ಲ. ಸುಭದ್ರಮ್ಮ ಗೊಂದಲದಿಂದ ಒಬ್ಬೊಬ್ಬರ ಮುಖ ನೋಡಿದರು. ಕೊನೆಗೆ ಸೌಂದರ್ಯಳಿಗೆ ಮಾತ್ರ ಹೇಳುವವರಂತೆ, "ದೊಪ್ ಅಂತ ಸದ್ದಾಯ್ತು. ನನಗೆ ಕೇಳಿಸ್ತು. ಪೂಜೆ ಮಧ್ಯೆ ಏಳಬಾರದು ಅಂತ ಏಳ್ಲಿಲ್ಲ" ಎಂದರು.

ಸೌಂದರ್ಯಳ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಅವಳೊಬ್ಬಳು ನಂಬಿದಳು. ಆ ಸದ್ದನ್ನು ಕೇಳಿದವರಲ್ಲದೆ ಬೇರೆಯವರು ಹಾಗೆ ಹೇಳಲಾರರು ಎಂಬುದು ಅವಳಿಗೆ ಗೊತ್ತಿತ್ತು.

"ಎಷ್ಟು ಹೊತ್ತು ಅತ್ತೆ?"

"ಹತ್ತು ಉಸಿರಿನ ಹೊತ್ತು" ಎಂದರು ಸುಭದ್ರಮ್ಮ. "ಎಣಿಸ್ಕೊಂಡಿದೀನಿ. ದಿನಾ ಎಣಿಸ್ತೀನಿ."

ಸೌಂದರ್ಯ ಸೌಟನ್ನು ಪಾತ್ರೆಯೊಳಗಿಟ್ಟು, ಪಾತ್ರೆಯನ್ನು ನೆಲಕ್ಕಿಟ್ಟು, ಒಳಗೆ ಹೋದಳು. ಆಮೇಲೆ ಮಹಾಂತಮ್ಮ ಬಡಿಸಿದರು.

ಆ ವಾರವೆಲ್ಲ ಸೌಂದರ್ಯ ಅತ್ತೆಯೊಡನೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಬೇಳೆ ಇಡ್ಲಾ, ಹಾಲು ಬಂತಾ, ಅಷ್ಟೆ. ಅವಳು ಮತ್ತೆ ಸಂಪಿಗೆ ಓಡುತ್ತಾಳೇನೋ ಎಂದು ಸುಭದ್ರಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾದರು. ಓಡಲಿಲ್ಲ. ಆದರೆ ಬಾಂಡಲಿ, ಪಾತ್ರೆ ಎಲ್ಲವನ್ನೂ ನೆಲಕ್ಕೆ ಇಡುವಾಗ ಸ್ವಲ್ಪ ಜೋರಾಗಿಯೇ ಸದ್ದಾಗುತ್ತಿತ್ತು. ಇತ್ತ ಕೊಟ್ರಬಸಪ್ಪ ಸವಳಂಗ ರಸ್ತೆಯ ಉದ್ದಕ್ಕೂ ಹೆಂಡತಿಯ ದೊಡ್ಡ ಮನಸ್ಸನ್ನು ಸಾರಿಬಿಟ್ಟಿದ್ದರು. ಪಕ್ಕದ ಮನೆಯ ಈಶ್ವರಮ್ಮ ಬಂದು, "ಸುಭದ್ರಮ್ನೋರೆ, ನಿಮ್ಮಂಥೋರು ಊರಿಗೊಬ್ರು ಇದ್ರೆ ಸಾಕು" ಎಂದು ಹೊಗಳಿ ಕಾಫಿ ಕುಡಿದು ಹೋದರು. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಈ ಹೊಗಳಿಕೆಯನ್ನು ತಡೆಯಲಾರದೆ ಸುಭದ್ರಮ್ಮ ಆ ಕಾಫಿ ಲೋಟವನ್ನು ಎರಡೆರಡು ಸಲ ತಿಕ್ಕಿ ತೊಳೆದರು.

ಶುಕ್ರವಾರ ಮಧ್ಯಾಹ್ನ ಅತ್ತೆ ಸೊಸೆ ಪಡಸಾಲೆಯಲ್ಲಿ ಎದುರುಬದುರು ಕೂತು ಅಕ್ಕಿ ಆರಿಸುತ್ತಿದ್ದರು. ಬಹಳ ಹೊತ್ತು ಕಲ್ಲು ಹೆಕ್ಕಿದ ಮೇಲೆ ಸೌಂದರ್ಯ ಮೊರದಿಂದ ಕಣ್ಣೆತ್ತದೆ ಹೇಳಿದಳು:

"ಡಾಕ್ಟ್ರಿಗೆ ಫೋನ್ ಮಾಡಿದೀನಿ. ನಾಳೆ ಹತ್ತೂವರೆಗೆ ಬರೋಕೆ ಹೇಳಿದಾರೆ."

"ನಿನಗೆ ಮುಗೀತು ಅಂದಿದ್ರಲ್ಲ?"

"ನನಗಲ್ಲ. ನಿಮಗೆ."

ಸುಭದ್ರಮ್ಮನ ಬೆರಳುಗಳು ಅಕ್ಕಿಯೊಳಗೆ ಸಿಕ್ಕಿಕೊಂಡವು. "ನನಗ್ಯಾಕೆ ಮಾರಾಯ್ತಿ? ಈ ವಯಸ್ಸಿಗೆ..."

"ದಿನಾ ಎಣಿಸ್ತೀನಿ ಅಂದ್ರಲ್ಲ ಅತ್ತೆ. ಎಣಿಸೋದು ಏನು ಅಂತ ನನಗೆ ಗೊತ್ತು." ಒಂದು ಕಲ್ಲು ಸಿಕ್ಕಿತು, ಅದನ್ನು ಹೊರಗೆ ಎಸೆದಳು. "ನಾನು ಹೊರಗೆ ಬೆಂಚಿನ ಮೇಲೆ ಕೂತಿರ್ತೀನಿ."

ಸುಭದ್ರಮ್ಮನಿಗೆ ಇದು ಕ್ಷಮೆಯೋ, ಶಿಕ್ಷೆಯೋ, ಬರೀ ಕರ್ತವ್ಯವೋ ತಿಳಿಯಲಿಲ್ಲ. ಕೇಳಬಾರದು ಅಂದುಕೊಂಡೇ ಕೇಳಿಬಿಟ್ಟರು:

"ನಿನಗೆ ನನ್ನ ಮೇಲೆ ಸಿಟ್ಟಿಲ್ವಾ?"

"ಇದೆ" ಎಂದಳು ಸೌಂದರ್ಯ. "ಎಂಟೂವರೆಗೆ ಬಸ್ಸು. ಬೇಗ ತಿಂಡಿ ತಿನ್ನಿ ನಾಳೆ, ಖಾಲಿ ಹೊಟ್ಟೇಲಿ ಆಗಲ್ಲ ಅದು."